ಕೊನೆಯ ಬೆಂಚಿಗೆ ಕೇಳುವ ಹಾಗೆ

ಜುಲೈ ತಿಂಗಳ ಎರಡನೆಯ ಮಂಗಳವಾರ, ಬೆಳಗ್ಗೆ ಹತ್ತೂಕಾಲು ಗಂಟೆ. ಸ್ಥಳ, ಅಟ್ಟೂರಿನ ಪಕ್ಕದ ಕಾಲೇಜಿನಲ್ಲಿ ನಾನು ಆರು ವರ್ಷ ಪಾಠ ಮಾಡಿದ ತಗಡಿನ ಹಾಲ್. ಹಾಜರಿದ್ದವರು ಇಬ್ಬರು, ನಾನು ಮತ್ತು ಅಟೆಂಡರ್ ಮುನಿರಾಜು. ಹೊರಗೆ ಜೋರಾಗಿ ಸುರಿಯದ, ನಿಲ್ಲಲೂ ಒಲ್ಲದ ಜಿಟಿಜಿಟಿ ಮಳೆ.

ಆ ಹಾಲನ್ನು ಕೆಡವಿ ಹೊಸ ಕಟ್ಟಡ ಕಟ್ಟುತ್ತಾರಂತೆ. ನಿಮ್ಮ ಸಾಮಾನು ಏನಾದರೂ ಇದ್ದರೆ ತೆಗೆದುಕೊಂಡು ಹೋಗಿ ಎಂದು ಆಫೀಸಿನಿಂದ ಫೋನ್ ಬಂದಿತ್ತು. ಸಾಮಾನು ಹೆಚ್ಚೇನಿಲ್ಲ. ಒಂದು ಹಾರ್ಮೋನಿಯಂ, ಒಂದು ಗೋಡೆ ಗಡಿಯಾರ, ಆರು ರಿಜಿಸ್ಟರ್. ಹತ್ತಕ್ಕೆ ಸರಿಯಾಗಿ ಬರುತ್ತೇನೆಂದು ಹೇಳಿದ್ದೆ. ಯಲಹಂಕದಲ್ಲಿ ಆಟೋ ಸಿಕ್ಕಿಹಾಕಿಕೊಂಡು ಕಾಲು ಗಂಟೆ ತಡವಾಯಿತು. ನನಗೀಗ ಅರವತ್ತೊಂಬತ್ತು. ತಡವಾಗಿ ಹೋದ ಸಂದರ್ಭಗಳು ಬೆರಳೆಣಿಕೆಯಷ್ಟು, ಒಂದೊಂದೂ ನೆನಪಿದೆ.

ಬೀರುವಿನ ಬಾಗಿಲು ತೆಗೆದಾಗ ನುಸಿಗುಳಿಗೆ, ಒದ್ದೆ ಕಾಗದ, ತುಕ್ಕು ಹಿಡಿದ ತಗಡು, ಎಲ್ಲ ಸೇರಿದ ಆ ವಾಸನೆ ಒಮ್ಮೆಗೇ ಮುಖಕ್ಕೆ ಬಡಿಯಿತು. ಮೂರು ವರ್ಷದ ಹಿಂದಿನ ಮಳೆಗಾಲದ ವಾಸನೆ ಅದು.

ಮುನಿರಾಜು ರಿಜಿಸ್ಟರುಗಳನ್ನು ಇಳಿಸಲು ಪಕ್ಕಕ್ಕೆ ತಿರುಗಿದರು. ಅವರ ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ, ಚರ್ಮದ ಬಣ್ಣದ ಒಂದು ವಸ್ತು ಕಂಡಿತು.

"ಏನ್ರೀ ಅದು, ಕಿವಿಯಲ್ಲಿ?"

"ಮೆಷೀನು ಮೇಡಮ್ಮೋರೆ. ಮೊಮ್ಮಗಳು ಆಸ್ಪತ್ರೆಗೆ ಕರ್ಕೊಂಡೋಗಿ ಆಕ್ಸಿದ್ಲು. ಈಗ ನೀವು ಮೆಲ್ಲಗೆ ಮಾತಾಡಿದ್ರೂ ಬಯ್ದಂಗೆ ಕೇಳಿಸ್ತದೆ."

"ಯಾವಾಗಿಂದ ಕಿವಿ ಮಂದ?"

"ಇಟ್ಟಿನ ಗಿರಣಿ ಮಡಗಿದ್ದೆನಲ್ಲ, ಆವಾಗ್ಲೇ ಓಗಿತ್ತಂತೆ. ಇಪ್ಪತ್ತು ವರ್ಸದ ಮೇಲೆ ಆಗಿರ್ಬೇಕು ಅಂದ್ರು ಡಾಕ್ಟ್ರು. ಇಷ್ಟು ದಿನ ಎಂಗಪ್ಪಾ ಸಂಸಾರ ಮಾಡ್ದೆ ಅಂದ್ರು. ಕೇಳಿಸ್ದೆ ಇದ್ದಿದ್ಕೇ ಮಾಡ್ದೆ ಸ್ವಾಮಿ ಅಂದೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಕುಳಿತೆ.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಮೇಡಮ್ಮೋರೆ. ಕೂತ್ಕೊಳ್ಳಿ ಅಂದ್ರಿ, ಕೂತ್ಕೊಂಡೆ."

ಅವರು ಹೇಳಿದ್ದು ನಿಜ. ಕೂತ್ಕೊಳ್ಳಿ ಎಂದವಳು ನಾನು. ಏಕೆಂದು ಹೇಳಬೇಕಾದರೆ ಆ ವರ್ಷವನ್ನು ಮೊದಲಿನಿಂದ ಹೇಳಬೇಕು.

ಕಾಲೇಜಿನಲ್ಲಿ ಸಂಗೀತ ನಾಟಕಕ್ಕೆಂದು ಎರಡು ವರ್ಷದ ಕೋರ್ಸ್ ಇತ್ತು. ಮಕ್ಕಳು ಅಭಿನಯ, ನೃತ್ಯ, ಹಾಡು ಮೂರನ್ನೂ ಕಲಿಯಬೇಕು. ನಾನು ದನಿಯ ಮೇಡಂ. ಸರ್ಕಾರಿ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಮೇಲೆ ಇಲ್ಲಿಗೆ ಕರೆದಿದ್ದರು. ಉಸಿರು ಎಲ್ಲಿಂದ ತೆಗೆಯಬೇಕು, ಕುಣಿಯುತ್ತ ಹಾಡುವಾಗ ಶ್ರುತಿ ಹೇಗೆ ಉಳಿಸಿಕೊಳ್ಳಬೇಕು, ಮಾತಿನಿಂದ ಹಾಡಿಗೆ ಜಾರುವಾಗ ಗಂಟಲಿಗೆ ಪೆಟ್ಟಾಗದಂತೆ ಹೇಗೆ ನೋಡಿಕೊಳ್ಳಬೇಕು, ಇವು ನನ್ನ ಪಾಠ. ಕೊನೆಯದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಅದು ನನ್ನ ಪಾಠವೇ ಆಗಿತ್ತು.

ತರಗತಿ ಬೆಳಗ್ಗೆ ಎಂಟಕ್ಕೆ. ಎಂಟು ಹೊಡೆದ ಮೇಲೆ ಬಂದವರು ಬಾಗಿಲ ಹೊರಗೆ ನಿಂತೇ ಸ್ವರ ಹಾಡಬೇಕು. ಮೊದಲ ಇಪ್ಪತ್ತು ನಿಮಿಷ ರಿಜಿಸ್ಟರಿನದು. ಪ್ರತಿ ವಿದ್ಯಾರ್ಥಿಗೂ ಒಂದು ಪುಟ. ಪ್ರತಿ ದಿನಕ್ಕೂ ಒಂದು ಸಾಲು. ಮುಟ್ಟಿದ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ, ಒಂದೇ ಉಸಿರಿನಲ್ಲಿ ಎಷ್ಟು ಸೆಕೆಂಡು, ದನಿ ಹೇಗಿತ್ತು ಎಂದು ಒಂದು ಮಾತು. ಸಾಲಿನ ಕೊನೆಯ ಮನೆಯಲ್ಲಿ ಕೊನೆ ಬೆಂಚಿನ ಗುರುತು.

ಕೊನೆ ಬೆಂಚಿನ ಪರೀಕ್ಷೆ ನನಗೆ ನನ್ನ ಗುರುಗಳ ಮನೆಯಿಂದ ಬಂದದ್ದು. ನಾನು ಹನ್ನೊಂದು ವರ್ಷದವಳಿದ್ದಾಗ ಮುಂದಿನ ಕೋಣೆಯಲ್ಲಿ ಕೂತು ಹಾಡುತ್ತಿದ್ದೆ. ಅವರು ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಸಾಹಿತ್ಯದ ಒಂದಕ್ಷರ ಕೇಳಿಸದಿದ್ದರೂ ಕೊಡ ಕುಟ್ಟುತ್ತಿದ್ದರು. ಮತ್ತೆ ಮೊದಲಿನಿಂದ. ನಾನು ಅದನ್ನೇ ಇಲ್ಲಿ ತಂದೆ. ಹಾಲಿನ ತುದಿಯಲ್ಲಿ, ಗೋಡೆಗೆ ಒರಗಿದ ಬೆಂಚಿನಲ್ಲಿ ಮುನಿರಾಜು ಕೂರುತ್ತಿದ್ದರು. ವೇದಿಕೆಯಿಂದ ಹಾಡಿದವರ ಮಾತು ಸ್ಪಷ್ಟವಾಗಿ ಕೇಳಿಸಿದರೆ ಕೈ ಎತ್ತಬೇಕು. ಇಲ್ಲದಿದ್ದರೆ "ಇನ್ನೊಂಚೂರು!" ಎನ್ನಬೇಕು. ಕೈ ಎತ್ತಿದರೆ ನಾನು ರಿಜಿಸ್ಟರಿನಲ್ಲಿ ಸರಿ ಗುರುತು ಹಾಕುತ್ತಿದ್ದೆ. ಸಂಗೀತ ಗೊತ್ತಿಲ್ಲದವರು, ಯಾರ ಪರವೂ ಅಲ್ಲದವರು ಎಂದು ನಾನೇ ಅವರನ್ನು ಆರಿಸಿದ್ದೆ. ಅಟ್ಟೂರಿನ ಹಳೇ ಒಕ್ಕಲು ಮನೆತನದವರು. ಜಮೀನು ಹೋಗಿ ಆ ಜಾಗದಲ್ಲಿ ಮೂರು ಮಹಡಿ ಎದ್ದಿತ್ತು, ಅದರ ಬಾಡಿಗೆಯೂ ಬರುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾರೆ ಎಂದು ಕಾಲೇಜಿಗೆ ಬರುತ್ತಿದ್ದರು.

ಹಾರ್ಮೋನಿಯಂಗೆ ಪ್ರತಿ ಜೂನ್ ಶ್ರುತಿ ಮಾಡಿಸುತ್ತಿದ್ದೆ. ಗಡಿಯಾರವನ್ನು ಪ್ರತಿ ಸೋಮವಾರ ರೇಡಿಯೋ ಸಮಯಕ್ಕೆ ಹೊಂದಿಸುತ್ತಿದ್ದೆ. ಬೆಂಚಿನಲ್ಲಿ ಕೂತವರ ಕಿವಿಯನ್ನು ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ಪರೀಕ್ಷಿಸಲಿಲ್ಲ.

ಆ ವರ್ಷದ ಜೂನಿನಲ್ಲಿ ತಬಸ್ಸುಮ್ ಎರಡನೇ ವರ್ಷಕ್ಕೆ, ನನ್ನ ತರಗತಿಗೆ ಬಂದಳು. ಆರ್.ಟಿ. ನಗರದ ಹುಡುಗಿ. ಅವಳ ತಂದೆ ಗೌಸ್ ಅವರದು ಮೈಕ್ ಸೆಟ್ ಅಂಗಡಿ. ಮದುವೆ, ನಾಮಕರಣ, ಗಣೇಶನ ಪೆಂಡಾಲು, ಉರುಸು, ಎಲ್ಲದಕ್ಕೂ ಆ ಭಾಗದಲ್ಲಿ ಸ್ಪೀಕರು ಅವರದೇ. ದಿನಾ ಬೆಳಗ್ಗೆ ಮಗಳನ್ನು ಸ್ಕೂಟರಿನಲ್ಲಿ ಹೆಬ್ಬಾಳ ದಾಟಿಸಿ ಏಳೂ ಐವತ್ತಕ್ಕೆ ಗೇಟಿನ ಮುಂದೆ ಇಳಿಸುತ್ತಿದ್ದರು. ಒಂದು ದಿನವೂ ಏಳೂ ಐವತ್ತೊಂದು ಆಗಲಿಲ್ಲ. ನನಗೆ ಅವರ ಮೇಲೆ ಮೊದಲು ಗೌರವ ಹುಟ್ಟಿದ್ದು ಅದಕ್ಕೇ.

ಹುಡುಗಿಯ ದನಿಯನ್ನು ಹೇಗೆ ವರ್ಣಿಸಲಿ? ಕೆಳಗಿನ ಸ್ವರಗಳಲ್ಲಿ ಗಟ್ಟಿ ಬೆಲ್ಲದ ಬಣ್ಣ. ಮೇಲೆ ಹೋದಂತೆ ತೆಳುವಾಗಿ, ಆದರೆ ಎಲ್ಲೂ ಮುರಿಯದೆ ಏರುತ್ತಿತ್ತು. ನಲವತ್ತು ವರ್ಷದ ನನ್ನ ಪಾಠದಲ್ಲಿ ಅಂಥ ದನಿ ಎರಡು ಸಲ ಕೇಳಿದ್ದೆ. ಅವಳಿಗೆ ಇದನ್ನು ಹೇಳಲಿಲ್ಲ. ನನ್ನ ಗುರುಗಳು ಯಾರನ್ನೂ ಎದುರಿಗೆ ಹೊಗಳಿದವರಲ್ಲ, ನಾನೂ ಹೊಗಳುವುದಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಜೂನ್ ತಿಂಗಳ ಅವಳ ಸಾಲುಗಳಲ್ಲಿ "ಸ್ವಚ್ಛ", "ಸ್ವಚ್ಛ" ಎಂದು ಬರೆದಿದ್ದೇನೆ. ಮೇಲಿನ ಸ್ವರ ತಾರ ಸ್ಥಾಯಿಯ ಮಧ್ಯಮ.

ಆ ವರ್ಷದ ನಾಟಕವನ್ನು ಮಕ್ಕಳೇ ಬರೆದಿದ್ದರು. ಯಲಹಂಕದ ಆಚೆ ಒಂದು ರೈಲ್ವೆ ಗೇಟು, ಗೇಟು ಕಾಯುವವನು, ಅವನ ಹೆಂಡತಿ. ಗೇಟು ಮುಚ್ಚಿ ಕೆಳಸೇತುವೆ ಬಂದ ಮೇಲೆ ಅವರ ಬದುಕು ಏನಾಯಿತು ಎಂಬ ಕಥೆ. ಹೆಂಡತಿಯ ಪಾತ್ರ ತಬಸ್ಸುಮ್‌ಗೆ. ಒಂಬತ್ತು ಹಾಡು. ಕೊನೆಯದರಲ್ಲಿ ಹಳಿಯ ಆಚೆಗಿರುವ ಗಂಡನನ್ನು ರೈಲಿನ ಸದ್ದಿನ ಮೇಲೆ ಕೂಗಿ ಕರೆಯಬೇಕು. ಡಿಸೆಂಬರ್ ಪ್ರದರ್ಶನಕ್ಕೆ ಒಂದು ದೊಡ್ಡ ನಾಟಕ ತಂಡದವರು ಬಂದು ಇಬ್ಬರನ್ನು ಆರಿಸಿಕೊಳ್ಳುವುದಿತ್ತು. ತಬಸ್ಸುಮ್‌ಗೆ ಬೇರೆ ಆಸೆಯೇ ಇರಲಿಲ್ಲ. "ಮೇಡಂ, ಸೆಲೆಕ್ಟ್ ಆದ್ರೆ ಇಡೀ ವರ್ಷ ಊರೂರು ತಿರುಗ್ತಾ ಹಾಡ್ಬಹುದು" ಎನ್ನುವಾಗ ಅವಳ ಕಣ್ಣು ಅಗಲವಾಗುತ್ತಿತ್ತು.

ಜುಲೈನಲ್ಲಿ ಮಳೆ ಹಿಡಿಯಿತು. ಆ ವರ್ಷದಂಥ ಮಳೆಯನ್ನು ಈ ಭಾಗದಲ್ಲಿ ನಾನು ಕಂಡಿರಲಿಲ್ಲ. ಬೆಳಗ್ಗೆ ತರಗತಿಯ ಹೊತ್ತಿಗೇ ಶುರುವಾಗುತ್ತಿತ್ತು. ತಗಡಿನ ಮೇಲೆ ಹನಿ ಬಿದ್ದರೆ ಹಾಲಿನೊಳಗೆ ರಾಗಿ ಬೀಸಿದ ಹಾಗೆ ಸದ್ದು. ಅದರ ಮಧ್ಯೆ ವಾಯುನೆಲೆಯ ವಿಮಾನ ಹಾರಿದರೆ ಹಾರ್ಮೋನಿಯಂ ಕೂಡ ಕೇಳಿಸುತ್ತಿರಲಿಲ್ಲ. ನಾಟಕದ ಮೇಷ್ಟ್ರು ಕಾಲರ್ ಮೈಕ್ ತರಿಸೋಣ, ಶ್ರುತಿಯನ್ನಾದರೂ ಸ್ವಲ್ಪ ಇಳಿಸೋಣ ಎಂದರು. ನಾನು ಒಪ್ಪಲಿಲ್ಲ. ಗೇಟು ಕಾಯುವವನ ಹೆಂಡತಿಗೆ ಯಾರು ಮೈಕ್ ಕೊಟ್ಟಿದ್ದರು ಎಂದು ಕೇಳಿದೆ. ಮಕ್ಕಳೆಲ್ಲ ನಕ್ಕರು. ನನ್ನ ಮಾತನ್ನು ನಾನೇ ಮೆಚ್ಚಿಕೊಂಡೆ.

ದಿನಾ ತಬಸ್ಸುಮ್ ವೇದಿಕೆಯ ತುದಿಯಲ್ಲಿ ನಿಂತು ಹಾಡುವಳು. ದಿನಾ ತುದಿಯ ಬೆಂಚಿನಿಂದ "ಇನ್ನೊಂಚೂರು!" ಎಂದು ಬರುವುದು. ಅವಳು ಇನ್ನೊಂದು ಚೂರು ಏರಿಸುವಳು. ಮತ್ತೆ "ಇನ್ನೊಂಚೂರು!" ಉಳಿದವರಿಗೆ ಮುನಿರಾಜು ಬೇಗ ಕೈ ಎತ್ತುತ್ತಿದ್ದರು. ಗೇಟು ಕಾಯುವವನ ಪಾತ್ರದ ಕಿರಣ್ ದನಿ ಸೊಳ್ಳೆಯಂಥದ್ದು, ಅವನಿಗೂ ಕೈ ಏಳುತ್ತಿತ್ತು. ಅದೇಕೆಂದು ನಾನು ಯೋಚಿಸಲಿಲ್ಲ. ಹುಡುಗಿಯ ದನಿ ದಪ್ಪ, ಅಕ್ಷರ ಮುಸುಕಾಗುತ್ತಿರಬೇಕು, ಇನ್ನೂ ಅಭ್ಯಾಸ, ಸಾಧಕ ಬೇಕು ಎಂದುಕೊಂಡೆ. ಅವಳಿಗೆ ಏಳೂವರೆಗೇ ಬರಲು ಹೇಳಿದೆ. ಮರುದಿನದಿಂದ ಏಳೂ ಇಪ್ಪತ್ತಕ್ಕೆ ಸ್ಕೂಟರ್ ಗೇಟಿನ ಮುಂದೆ ನಿಲ್ಲುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ದಿನ ಗೌಸ್ ಅವರು ಗೇಟಿನಿಂದ ಒಳಗೆ ಬಂದರು. ಹೆಲ್ಮೆಟ್ ಕೈಯಲ್ಲಿ ಹಿಡಿದು, ರೇನ್‌ಕೋಟಿನ ನೀರು ಹಾಲಿನೊಳಗೆ ಬೀಳದಂತೆ ಬಾಗಿಲ ಹೊರಗೇ ನಿಂತರು.

"ಮೇಡಮ್, ಎರಡು ನಿಮಿಷ. ನಾನು ಓದಿದವನಲ್ಲ, ಸಂಗೀತನೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಸ್ಪೀಕರ್ ರಿಪೇರಿ ಮಾಡ್ತಿದೀನಿ. ಒಳಗಿನ ಕಾಗದದ ಕೋನ್ ಹರಿಯೋಕೆ ಮುಂಚೆ ಒಂಥರಾ ಕರಕರ ಅಂತ ಬರುತ್ತೆ. ಗಿರಾಕಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ. ಮಗಳು ಬೆಳಗ್ಗೆ ಮಾತಾಡಿದ್ರೆ ಗಂಟಲಲ್ಲಿ ಅದೇ ಸೌಂಡ್ ಕೇಳಿಸ್ತಿದೆ."

"ಗಂಟಲು ಸ್ಪೀಕರ್ ಅಲ್ಲ ಸಾಹೇಬ್ರೇ."

"ಅದೇ ಮೇಡಮ್, ಸ್ಪೀಕರ್ ಆಗಿದ್ರೆ ಬೇರೆ ಕೋನ್ ಹಾಕ್ಬಹುದು." ಅವರು ಹೆಲ್ಮೆಟನ್ನು ಕೈಯಿಂದ ಕೈಗೆ ಬದಲಿಸಿದರು. "ಕಾಲರ್ ಮೈಕ್ ನನ್ನ ಹತ್ರ ನಾಲ್ಕಿವೆ. ಪ್ರೋಗ್ರಾಂಗೆ ತಂದು ಹಾಕ್ತೀನಿ. ಬಾಡಿಗೆ ಬೇಡ."

"ಸಾಧಕದಲ್ಲಿ ದನಿ ಮೊದಲು ಕೆಡುತ್ತೆ, ಆಮೇಲೆ ಗಟ್ಟಿಯಾಗುತ್ತೆ. ನನ್ನದೂ ಹಾಗೇ ಆಗಿತ್ತು. ಊರುಗೋಲು ಕೊಟ್ಟು ಓಟ ಕಲಿಸೋಕಾಗಲ್ಲ."

ಅಷ್ಟು ಹೊತ್ತಿಗೆ ಏಳೂವರೆ ಆಯಿತು. ನಾನು ಗಡಿಯಾರ ನೋಡಿದೆ. ಅವರು "ಸರಿ ಮೇಡಮ್, ನೀವು ಹೇಳಿದ ಹಾಗೆ" ಎಂದು ತಲೆ ಬಾಗಿಸಿ ಹೊರಟರು. ಗೇಟಿನ ಹತ್ತಿರ ಮಗಳಿಗೆ ಅವರ ಮನೆ ಮಾತಿನಲ್ಲಿ "ಜ್ಯಾದಾ ಜೋರ್ ನಕ್ಕೋ ಬೇಟಾ" ಎಂದದ್ದು ಕೇಳಿಸಿತು. ತುಂಬಾ ಜೋರು ಬೇಡ ಮಗಳೇ ಎಂದು. ನನ್ನ ಕಿವಿ ಆಗಲೂ ಚುರುಕಾಗಿಯೇ ಇತ್ತು.

ಅಕ್ಟೋಬರಿನಲ್ಲಿ ದಸರಾ ರಜೆ ಬಂದು ಹೋಯಿತು. ನವೆಂಬರಿನಲ್ಲಿ ಮಳೆ ನಿಂತು ಚಳಿ ಬಿತ್ತು. ತಬಸ್ಸುಮ್ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬರತೊಡಗಿದಳು. ಬ್ಯಾಗಿನಲ್ಲಿ ಬಿಸಿನೀರಿನ ಫ್ಲಾಸ್ಕ್, ಜ್ಯೇಷ್ಠಮಧುವಿನ ತುಂಡು. ಮಕ್ಕಳು ಅವಳನ್ನು "ಅಜ್ಜಿ" ಎಂದು ಕರೆಯುತ್ತಿದ್ದರು.

"ಅಜ್ಜಿ, ಇವತ್ತು ಎಷ್ಟನೇ ಫ್ಲಾಸ್ಕು?" ಎಂದ ಕಿರಣ್ ಒಮ್ಮೆ.

"ನಿನ್ ಸೊಳ್ಳೆ ದನಿಗೆ ಕೊನೆ ಬೆಂಚಲ್ಲಿ ಕೈ ಏಳುತ್ತಲ್ಲ ಮಚ್ಚಾ, ನಿಂಗ್ಯಾಕೆ ಫ್ಲಾಸ್ಕು?"

"ಟ್ಯಾಲೆಂಟ್ ಕಣೇ, ಟ್ಯಾಲೆಂಟ್!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುನಿರಾಜು ಕೂಡ ನಕ್ಕರು. ನಾನು ಕೋಲಿನಿಂದ ಮೇಜು ತಟ್ಟಿ ಶಾಂತಿ ತಂದೆ. ಆ ನಗುವಿನ ಒಳಗೆ ಏನಿದೆ ಎಂದು ಕೇಳಲಿಲ್ಲ.

ಡಿಸೆಂಬರಿನ ಎರಡನೇ ಶನಿವಾರ ಸಂಜೆ ಪ್ರದರ್ಶನ. ಹಾಲ್ ತುಂಬಿತ್ತು. ತಂಡದಿಂದ ಬಂದ ಇಬ್ಬರು ಮೂರನೇ ಸಾಲಿನಲ್ಲಿದ್ದರು. ಗೌಸ್ ಅವರು ಕೊನೆಯ ಬೆಂಚಿನಲ್ಲಿ, ಮುನಿರಾಜು ಪಕ್ಕದಲ್ಲಿ. ಎಂಟು ಹಾಡು ಸಾಗಿದವು. ಒಂಬತ್ತನೆಯದರಲ್ಲಿ ತಬಸ್ಸುಮ್ ಹಳಿಯ ಗೆರೆಯ ಈಚೆ ನಿಂತು ಕೈ ಎತ್ತಿ ಕೂಗಿದಳು. ತಾರ ಷಡ್ಜಕ್ಕೆ ಹೋಗಬೇಕಿದ್ದ ದನಿ ಅಲ್ಲಿಗೆ ಹೋಗಲಿಲ್ಲ. ಬಾಯಿ ತೆರೆದಿತ್ತು, ಉಸಿರು ಬರುತ್ತಿತ್ತು, ನಾದ ಇರಲಿಲ್ಲ. ಅವಳು ಒಂದು ಗಳಿಗೆ ಹಾಗೇ ನಿಂತು, ಉಳಿದ ಸಾಲುಗಳನ್ನು ಪಿಸುಮಾತಿನಲ್ಲಿ ಹೇಳಿ ಮುಗಿಸಿದಳು. ಜನ ಅದನ್ನು ನಿರ್ದೇಶನವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟದವರು ಇಬ್ಬರು. ಒಬ್ಬರು ಗೌಸ್. ಇನ್ನೊಬ್ಬಳು ನಾನು.

ಅವಳ ಸ್ವರತಂತುವಿನ ಮೇಲೆ ಗಂಟು ಬೆಳೆದು, ಅದರಿಂದ ರಕ್ತ ಒಸರಿತ್ತು. ವೈದ್ಯರು ಎರಡು ತಿಂಗಳು ಮೌನ ಎಂದರು, ನಂತರ ಶಸ್ತ್ರಚಿಕಿತ್ಸೆ. ಮಾತು ಉಳಿಯಿತು. ಹಾಡಿನ ಮೇಲಿನ ಅರ್ಧ ಹಿಂದಿರುಗಲಿಲ್ಲ. ತಂಡದವರು ಆರಿಸಿಕೊಂಡ ಇಬ್ಬರಲ್ಲಿ ಕಿರಣ್ ಒಬ್ಬ. ನಾನು ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ, ಸಂಜೆ ನಾಲ್ಕರಿಂದ ನಾಲ್ಕೂವರೆ. ಅವಳು ಸ್ಲೇಟಿನಲ್ಲಿ "ಚೆನ್ನಾಗಿದೀನಿ ಮೇಡಂ" ಎಂದು ಬರೆದು ತೋರಿಸಿದಳು. ವರ್ಷದ ಪರೀಕ್ಷೆ ಮುಗಿಸಿ ನಾನು ಕೆಲಸ ಬಿಟ್ಟೆ. ವಯಸ್ಸಾಯಿತು ಎಂದು ಪತ್ರದಲ್ಲಿ ಬರೆದೆ. ಚಳಿ, ಮಳೆ, ಮಗುವಿನ ದೇಹಪ್ರಕೃತಿ ಎಂದು ನನಗೆ ನಾನೇ ಎರಡೂವರೆ ವರ್ಷ ಹೇಳಿಕೊಂಡೆ.

ಈ ಮಂಗಳವಾರ, ಮುನಿರಾಜು ಹಾರ್ಮೋನಿಯಂಗೆ ಹಗ್ಗ ಕಟ್ಟುತ್ತಿರುವಾಗ, ನಾನು ಆ ವರ್ಷದ ರಿಜಿಸ್ಟರ್ ತೆರೆದೆ. ತಬಸ್ಸುಮ್‌ಳ ಪುಟ. ಬೆರಳಿಟ್ಟು ಮೇಲಿಂದ ಕೆಳಕ್ಕೆ ಬಂದೆ. ಜೂನ್, ಸ್ವಚ್ಛ, ತಾರ ಮಧ್ಯಮ. ಜುಲೈ ಕೊನೆ, ಸ್ವಲ್ಪ ಕರಕರ, ಮಧ್ಯಮ. ಆಗಸ್ಟ್, ಕರಕರ, ಗಾಂಧಾರ. ಸೆಪ್ಟೆಂಬರ್, ಕರಕರ, ಕರಕರ, ಕರಕರ, ಗಾಂಧಾರ ಕಷ್ಟ. ಅಕ್ಟೋಬರ್, ರಿಷಭ. ನವೆಂಬರ್, ಷಡ್ಜ, ಅದೂ ಅಲುಗುತ್ತಿದೆ. ಕೊನೆಯ ಮನೆಯಲ್ಲಿ ಉದ್ದಕ್ಕೂ ತಪ್ಪು ಗುರುತು. ಎಲ್ಲವೂ ನನ್ನದೇ ಅಕ್ಷರ, ಗುಂಡಗೆ, ಒಂದು ದಿನವೂ ಬಿಡದೆ. ತಂದೆ ಬಾಗಿಲಲ್ಲಿ ನಿಂತು ಹೇಳಿದ ಶಬ್ದವನ್ನೇ ನಾನು ಅದಾಗಲೇ ಎಷ್ಟೋ ಸಲ ಬರೆದಿದ್ದೆ. ದಿನಾ ಅಡ್ಡಕ್ಕೆ ಬರೆದೆ. ಒಂದು ದಿನವೂ ಉದ್ದಕ್ಕೆ ಓದಲಿಲ್ಲ.

ಹನ್ನೆರಡಕ್ಕೆ ಅಲ್ಲಿಂದ ಹೊರಟೆ. ಮನೆಯಲ್ಲಿ ಸಾಮಾನು ಇಳಿಸಿ ಒಂದೂವರೆಗೆ ಊಟ ಮಾಡಿದೆ. ಊಟವಾದ ಮೇಲೆ ಅರ್ಧ ಗಂಟೆ ಮಲಗುವುದು ನನ್ನ ನಿಯಮ. ಅಂದು ಮಲಗಲಿಲ್ಲ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಆ ರಿಜಿಸ್ಟರನ್ನು ಕೈಚೀಲದಲ್ಲಿಟ್ಟು ಆರ್.ಟಿ. ನಗರಕ್ಕೆ ಆಟೋ ಹಿಡಿದೆ.

ಮೂರೂ ನಲವತ್ತಕ್ಕೆ ಅಂಗಡಿ ಸಿಕ್ಕಿತು. ಗೌಸ್ ಅವರು ಬಿಚ್ಚಿದ ಆಂಪ್ಲಿಫೈಯರಿನ ಮೇಲೆ ಬಗ್ಗಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ. ನೆಲದ ಮೇಲೆ ತಂತಿಗಳ ನಡುವೆ, ಸಾಲು ಗುಂಡಿಗಳಿದ್ದ ಹಲಗೆಯಂಥ ಯಂತ್ರದ ಮುಂದೆ ತಬಸ್ಸುಮ್ ಕುಳಿತಿದ್ದಳು. ಎದ್ದಳು.

"ಅಯ್ಯೋ, ಮೇಡಂ! ಬನ್ನಿ, ಬನ್ನಿ. ಅಬ್ಬಾ, ಕುರ್ಚಿ!" ಎಂದು ತಂದೆಯತ್ತ ತಿರುಗಿದಳು.

ದನಿ ನಡುವಯಸ್ಸಿನ ಹೆಂಗಸಿನ ದನಿಯ ಹಾಗಿತ್ತು. ಗೌಸ್ ಅವರು ಕುರ್ಚಿಯನ್ನು ತಮ್ಮ ಟವೆಲಿನಿಂದ ಒರೆಸಿದರು. ಕೂತರೆ ಹೇಳಲಾಗುವುದಿಲ್ಲವೆಂದು ನಾನು ನಿಂತೇ ಚೀಟಿ ತೆಗೆದೆ. ಓದಿದೆ. ಮುನಿರಾಜು ಅವರಿಗೆ ಆ ವರ್ಷವೂ ಕಿವಿ ಕೇಳುತ್ತಿರಲಿಲ್ಲ. ಕೇಳದ ಕಿವಿಗೆ ಮುಟ್ಟಿಸಲು ನಿನ್ನಿಂದ ಆರು ತಿಂಗಳು ಕೂಗಿಸಿದೆ. ದನಿ ಕೆಡುತ್ತಿದೆ ಎಂದು ನನ್ನ ಪುಸ್ತಕದಲ್ಲಿತ್ತು, ನಾನು ನೋಡಲಿಲ್ಲ. ಗೌಸ್ ಅವರು ಬಂದು ಹೇಳಿದರು, ನಾನು ಕೇಳಲಿಲ್ಲ. ತಪ್ಪು ನನ್ನದು. ಅಲ್ಲಿಗೆ ಚೀಟಿ ಮುಗಿದಿತ್ತು.

ಗೌಸ್ ಅವರು ಕನ್ನಡಕ ತೆಗೆದು ಆಂಪ್ಲಿಫೈಯರಿನ ಮೇಲಿಟ್ಟರು. ನಂತರ "ಚಾ ಹೇಳ್ತೀನಿ ಮೇಡಮ್" ಎಂದು ಹೊರಗೆ ಹೋದರು. ಹೇಳಲು ಹೋದವರು ಕಾಲು ಗಂಟೆ ಬರಲಿಲ್ಲ.

"ಮುನಿರಾಜಣ್ಣ ಮೆಷೀನ್ ಹಾಕ್ಕೊಂಡ್ರಾ?" ಎಂದಳು ತಬಸ್ಸುಮ್. "ಸದ್ಯ, ಈಗಲಾದ್ರೂ!"

"ನಿನಗೆ ಗೊತ್ತಿತ್ತೇ?"

"ಎಲ್ರಿಗೂ ಗೊತ್ತಿತ್ತು ಮೇಡಂ. ಕಿರಣ್ ಹಾಡೋಕೆ ಮುಂಚೆ ಅವ್ರಿಗೆ ಕಣ್ಣು ಹೊಡೀತಿದ್ದ. ಎಲ್ರೂ ಅಷ್ಟೇ. ಅವ್ರೂ ಪಾಪ ಮಕ್ಕಳಲ್ವಾ ಅಂತ ಕೈ ಎತ್ತೋರು."

"ಮತ್ತೆ ನೀನು?"

"ನೀವು ಅಷ್ಟು ಶ್ರದ್ಧೆಯಿಂದ ಬರೀತಿದ್ರಿ. ಅದ್ರಲ್ಲಿ ಸುಳ್ಳು ಬರೆಸೋಕೆ ಮನಸ್ಸು ಬರ್ಲಿಲ್ಲ ಮೇಡಂ. ನಿಜವಾಗ್ಲೂ ಅವ್ರಿಗೆ ಕೇಳೋ ಹಾಗೆ ಹಾಡ್ತೀನಿ ಅಂತ ಹಟ."

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ಬಂದಿದ್ದೆ. ದಸರಾ ರಜೆ ಮುಗಿದ ಮಾರನೇ ದಿನ. ಮುನಿರಾಜಣ್ಣನ ವಿಷಯ ಮಾತಾಡ್ಬೇಕು ಅಂದೆ. ಎಂಟೂ ಎರಡು ಆಗಿತ್ತು. ನೀವು ಗಡಿಯಾರ ನೋಡಿ, ಅಟೆಂಡರ್ ವಿಷಯ ಆಫೀಸಲ್ಲಿ ಹೇಳು, ಇದು ಸ್ವರದ ಹೊತ್ತು ಅಂದ್ರಿ." ಅವಳ ಮಾತಿನಲ್ಲಿ ಕೋಪ ಇರಲಿಲ್ಲ. ಹಳೇ ತರಗತಿಯ ಒಂದು ಸಂಗತಿಯನ್ನು ಹೇಳುವ ಹಾಗೆ ಹೇಳಿದಳು. "ಆಮೇಲೆ ಧೈರ್ಯ ಬರ್ಲಿಲ್ಲ. ನಿಮ್ಗೆ ಹೇಳೋದು ಹೇಗೆ ಮೇಡಂ?"

ನಾನು ರಿಜಿಸ್ಟರ್ ತೆಗೆದು ಆ ದಿನದ ಸಾಲು ಹುಡುಕಿದೆ. ರಿಷಭ. ಕರಕರ. ಹದಿನಾರು ಸೆಕೆಂಡು. ತಪ್ಪು ಗುರುತು. ಅವಳು ಮಾತಾಡಲು ಬಂದದ್ದು ಅಲ್ಲಿರಲಿಲ್ಲ. ನನ್ನ ನೆನಪಿನಲ್ಲೂ ಇಲ್ಲ. ಎಷ್ಟು ಯೋಚಿಸಿದರೂ ಆ ಬೆಳಗು ನನಗೆ ಸಿಗುತ್ತಿಲ್ಲ.

ಚಹಾ ಬಂತು. ಹಿಂದೆಯೇ ಗೌಸ್ ಅವರೂ ಬಂದರು. ಕಣ್ಣು ಕೆಂಪಾಗಿತ್ತು. "ಮಸಾಲೆ ಜಾಸ್ತಿ ಹಾಕಿದಾನೆ" ಎಂದರು. ಮೂವರೂ ಕುಡಿದೆವು. ನಾನು ಹೊರಡಲು ಎದ್ದಾಗ ತಬಸ್ಸುಮ್ ಕೇಳಿದಳು.

"ಮೇಡಂ, ನಾಳೆ ಬೆಳಗ್ಗೆ ಹೆಬ್ಬಾಳದ ಸ್ಕೂಲಲ್ಲಿ ಮಕ್ಕಳ ನಾಟಕ. ಮೂರು ಮೈಕ್ ಟೆಸ್ಟ್ ಮಾಡ್ಬೇಕು. ಒಂದು ಉದ್ದ ಸ ಹಾಡ್ತೀರಾ? ಲೆವೆಲ್ ನೋಡೋಕೆ ಅಲುಗದ ಸ್ವರ ಬೇಕು. ನಂದು ನಡುವೆ ಒಡೆದುಹೋಗುತ್ತೆ. ಅಬ್ಬಾ ಹಾಡಿದ್ರೆ ಬೀದಿ ನಾಯಿಗಳು ಬರ್ತವೆ."

"ಲೇ!" ಎಂದರು ಗೌಸ್.

ನಾನು ಯಾವ ವೇದಿಕೆಯಲ್ಲೂ ಮೈಕನ್ನು ಹತ್ತಿರ ಬಿಟ್ಟುಕೊಂಡವಳಲ್ಲ. ಅವಳು ಎದುರಿಗೆ ಹಿಡಿದಳು. ಉಸಿರು ತುಂಬಿಕೊಂಡು, ಬೀದಿಯ ತುದಿಗೆ ಕೇಳುವ ಹಾಗೆ ಷಡ್ಜ ಹಾಡಿದೆ. ಅವಳು ತಟ್ಟನೆ ಕೈ ಎತ್ತಿ ತಡೆದಳು.

"ಇಷ್ಟೆಲ್ಲ ಬೇಡ ಮೇಡಂ. ಪಕ್ಕದಲ್ಲಿ ಕೂತವರ ಜೊತೆ ಮಾತಾಡೋ ಹಾಗೆ. ಜೋರು ಮಾಡೋದು ನನ್ನ ಕೆಲಸ."

ಮತ್ತೆ ಹಾಡಿದೆ, ಮೆಲ್ಲಗೆ. ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ, ಒಂದು ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೊಂದನ್ನು ಸರಿಸಿದಳು.

"ಸಾಕು ಮೇಡಂ. ಕೇಳಿಸ್ತಿದೆ."

ಮೂರು ಮೈಕೂ ಆದ ಮೇಲೆ ತಂತಿ ಸುತ್ತಲು ನಾನು ಕೈ ಹಾಕಿದೆ. ಮೊಣಕೈಗೆ ಬಿಗಿಯಾಗಿ, ನೂಲು ಸುತ್ತಿದ ಹಾಗೆ ಸುತ್ತಿದೆ. ಅವಳು ನೋಡಿ ನನ್ನ ಕೈಯಿಂದ ಬಿಡಿಸಿದಳು. ಹಾಗೆ ಎಳೆದು ಸುತ್ತಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗಿನ ಎಳೆ ಮುರಿಯುತ್ತದೆ ಎಂದಳು. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ, ತಂತಿ ಹೇಗೆ ಬರುತ್ತದೋ ಹಾಗೆ ಬಿಟ್ಟು ಸುತ್ತಬೇಕೆಂದು ಮಾಡಿ ತೋರಿಸಿದಳು. ಎರಡು ಸಲ ತಪ್ಪಿತು. ಮೂರನೇ ಸಲ ಸರಿಬಂತು. ಆ ಸುರುಳಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಾಗ ಸಂಜೆ ಐದೂ ಹತ್ತು.